“ಕೈ ಎಲ್ಲಿಡ್ಲಿ ಸರ್?” ನಿಶ್ಚಿತಾರ್ಥದ ಫೋಟೋಗೆ ಜೋಡಿ ನಿಲ್ಲುವ ಬಗೆ

ನಿಶ್ಚಿತಾರ್ಥದ ಫೋಟೋ ಶೂಟ್‌ಗೆ ಬಂದ ಹುಡುಗ ಕೇಳುವ ಮೊದಲ ಪ್ರಶ್ನೆ, “ಕೈ ಎಲ್ಲಿಡ್ಲಿ ಸರ್?” ಹುಡುಗಿ ಕೇಳುವುದು, “ನಾನು ದಪ್ಪ ಕಾಣ್ತಿದೀನಾ?” ಕೇಳುವ ಮಾತು ಬೇರೆ ಬೇರೆ, ಕಾರಣ ಮಾತ್ರ ಒಂದೇ. ಇಬ್ಬರೂ ಎರಡು ಪಾದದ ಮೇಲೂ ಸಮನಾಗಿ ಭಾರ ಹಾಕಿ, ಎದೆಯನ್ನು ಕ್ಯಾಮೆರಾಗೆ ನೇರ ಹಿಡಿದು, ಆಧಾರ್ ಕಾರ್ಡಿನ ಫೋಟೋಗೆ ಕೂತವರ ಹಾಗೆ ಬಿಗಿಯಾಗಿರುತ್ತಾರೆ. ಹಾಗೆ ನಿಂತ ಮೈಗೆ ಕೈ ಎಲ್ಲಿಟ್ಟರೂ ಹೊಂದುವುದಿಲ್ಲ.

ಪೋಸ್ ಅಂದ ಕೂಡಲೇ ಎಲ್ಲರ ಗಮನ ಮುಖಕ್ಕೆ, ನಗುವಿಗೆ ಹೋಗುತ್ತದೆ. ಕೆಲಸ ಶುರುವಾಗಬೇಕಾದ್ದು ಪಾದದಿಂದ. ಮೈಭಾರ ಎಲ್ಲಿ ಕೂತಿದೆ ಅನ್ನುವುದು ಸರಿಯಾದರೆ ಸೊಂಟ, ಭುಜ, ಕತ್ತು ಒಂದರ ಹಿಂದೆ ಒಂದು ಸಡಿಲವಾಗುತ್ತವೆ. ಆಮೇಲೆ ಉಳಿಯುವುದು ಕೈಗೊಂದು ಕೆಲಸ ಕೊಡುವುದು. ಇನ್‌ಸ್ಟಾಗ್ರಾಂನಲ್ಲಿ ಐವತ್ತು ಪೋಸ್ ಸೇವ್ ಮಾಡಿಕೊಂಡು ಬಂದು ಒಂದೊಂದನ್ನೇ ನಕಲು ಮಾಡುವ ಜೋಡಿಗಳು ಜಾಸ್ತಿ ಆಗಿದ್ದಾರೆ. ಆ ಚಿತ್ರಗಳಲ್ಲಿ ಮುಖ, ಕೈ ಕಾಣುತ್ತದೆ. ಭಾರ ಯಾವ ಕಾಲಿನ ಮೇಲಿತ್ತು ಅನ್ನುವುದು ಕಾಣುವುದಿಲ್ಲ. ಅದಕ್ಕೇ ನಕಲು ಕೈಕೊಡುತ್ತದೆ.

ಪಾದದಿಂದ ಮೇಲಕ್ಕೆ

ಫೋಟೋದಲ್ಲಿ ಆಳ ಇಲ್ಲ. ಅಗಲ ಮತ್ತು ಎತ್ತರ ಅಷ್ಟೇ. ಎದೆ, ಸೊಂಟ ಕ್ಯಾಮೆರಾಗೆ ನೇರವಾಗಿದ್ದರೆ ಮೈಯ ಪೂರ್ತಿ ಅಗಲವೇ ಅಲ್ಲಿ ಬೀಳುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ತಿರುಗಿದರೆ ಅದೇ ಮೈ ಸಪೂರ ಕಾಣುತ್ತದೆ. ಆಮೇಲೆ ಭಾರದ ಸರದಿ. ಕ್ಯಾಮೆರಾದಿಂದ ದೂರ ಇರುವ ಕಾಲಿನ ಮೇಲೆ ಭಾರ ಬಿಟ್ಟರೆ ಸೊಂಟ ಹಿಂದಕ್ಕೆ ಸರಿಯುತ್ತದೆ. ಹತ್ತಿರ ಇರುವುದು ದೊಡ್ಡದಾಗಿ, ದೂರ ಇರುವುದು ಚಿಕ್ಕದಾಗಿ ಬೀಳುತ್ತದೆ ಅಲ್ವಾ, ಹಾಗಾಗಿ ಸೊಂಟ ಚಿಕ್ಕದಾಗುತ್ತದೆ. ಭಾರ ಇಲ್ಲದ ಕಾಲಿನ ಮಂಡಿ ತಾನಾಗಿಯೇ ಕೊಂಚ ಬಾಗುತ್ತದೆ. ಸೊಂಟ ಒಂದು ಕಡೆ ಏರಿದರೆ ಸಮತೋಲಕ್ಕಾಗಿ ಭುಜ ಆ ಕಡೆಗೆ ಇಳಿಯುತ್ತದೆ. ನೆಟ್ಟಗಿದ್ದ ಮೈಗೆ ಈಗ ಒಂದು ಬಳುಕು ಬಂತು.

ಇದು ಕ್ಯಾಮೆರಾದವರು ಕಂಡುಹಿಡಿದ ಗುಟ್ಟೇನಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಿಲಾಬಾಲಿಕೆಯರನ್ನು ನೋಡಿದ್ದರೆ ನೆನಪು ಮಾಡಿಕೊಳ್ಳಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅದು. ಕಂಬದ ಮೇಲಿನ ಆ ಹೆಣ್ಣುಗಳು ಮಂಡಿ, ಸೊಂಟ, ಕತ್ತು ಹೀಗೆ ಮೂರು ಕಡೆ ಬಾಗಿ ನಿಂತಿದ್ದಾರೆ. ನೃತ್ಯ ಕಲಿತವರಿಗೆ ಗೊತ್ತು, ಇದು ತ್ರಿಭಂಗ. ಒಂದೇ ಕಡೆ ಸ್ವಲ್ಪ ಬಾಗಿದರೆ ಆಭಂಗ, ನೆಟ್ಟಗೆ ನಿಂತರೆ ಸಮಭಂಗ. ದರ್ಪಣ ಸುಂದರಿಯ ಕೈಯಲ್ಲಿ ಕನ್ನಡಿ ಇದೆ ಅನ್ನುವುದನ್ನೂ ಗಮನಿಸಿ. ಉಳಿದವರಲ್ಲಿ ಒಬ್ಬಳು ಗಿಳಿಯ ಜೊತೆ ಮಾತಾಡುತ್ತಿದ್ದಾಳೆ, ಇನ್ನೊಬ್ಬಳು ವಾದ್ಯ ನುಡಿಸುತ್ತಿದ್ದಾಳೆ. ಶಿಲ್ಪಿ ಕೈಗೆ ಕೆಲಸ ಕೊಟ್ಟಿದ್ದಾನೆ.

ನಿಮ್ಮ ಹುಡುಗಿಯನ್ನು ಬೇಲೂರಿನ ಅಳತೆಗೆ ಬಗ್ಗಿಸಬೇಕಿಲ್ಲ. ಹುಡುಗನನ್ನಂತೂ ಬೇಡವೇ ಬೇಡ. ಒಂದು ಕಾಲಿಗೆ ಭಾರ ಬಿಟ್ಟು ಇನ್ನೊಂದು ಮಂಡಿಯನ್ನು ಸಡಿಲ ಮಾಡಿದರೆ ಸಾಕು.

ಇಬ್ಬರು ಸೇರಿದಾಗ ಏನಾಗುತ್ತದೆ

ಒಬ್ಬರನ್ನು ನಿಲ್ಲಿಸುವುದು ಸುಲಭ. ಇಬ್ಬರನ್ನು ಜೊತೆಗೆ ನಿಲ್ಲಿಸಿದಾಗ ಮಧ್ಯದಲ್ಲಿ ಉಳಿಯುವ ಖಾಲಿ ಜಾಗವೇ ಫೋಟೋದ ಹಣೆಬರಹ ಬರೆಯುತ್ತದೆ. “ಹತ್ತಿರ ಬನ್ನಿ” ಅಂದರೆ ಎಲ್ಲರೂ ತಲೆ ಹತ್ತಿರ ತರುತ್ತಾರೆ, ಸೊಂಟ ಎಲ್ಲಿತ್ತೋ ಅಲ್ಲೇ ಇರುತ್ತದೆ. ತಲೆ ಎರಡೂ ತಾಗಿ, ಕೆಳಗೆ ಒಂದು ದೊಡ್ಡ ತ್ರಿಕೋನ. ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೇನೋ ಅನ್ನಿಸುತ್ತದೆ. ಮೊದಲು ಪಾದ ಹತ್ತಿರ ಬರಬೇಕು, ಆಮೇಲೆ ಸೊಂಟ, ಕೊನೆಗೆ ತಲೆ.

ಒಂದು ಪೋಸನ್ನು ಪೂರ್ತಿ ಕಟ್ಟಿ ನೋಡೋಣ. ಬಸವನಗುಡಿಯ ಹಳೇ ಮನೆಯೊಂದರ ಜಗಲಿ ಅಂದುಕೊಳ್ಳಿ. ಬೆಳಗ್ಗೆ ಏಳೂವರೆ. ಹಿಂದೆ ಹಳೇ ಕಾಲದ ಮರದ ಬಾಗಿಲು. ಹುಡುಗಿಗೆ ಕಂಚಿ ರೇಷ್ಮೆ ಸೀರೆ, ಹುಡುಗನಿಗೆ ಜರಿ ಅಂಚಿನ ಪಂಚೆ, ಶಲ್ಯ.

ಮೊದಲ ತೀರ್ಮಾನ, ಯಾರು ಯಾವ ಕಡೆ? ಸೆರಗು ಹುಡುಗಿಯ ಎಡಭುಜದ ಮೇಲಿರುತ್ತದೆ. ಅವಳನ್ನು ಹುಡುಗನ ಬಲಕ್ಕೆ ನಿಲ್ಲಿಸಿದರೆ ಸೆರಗು ಇಬ್ಬರ ಮಧ್ಯೆ ಸಿಕ್ಕಿಕೊಂಡು ನಲುಗುತ್ತದೆ. ಸಾವಿರಾರು ರೂಪಾಯಿಯ ಜರಿ ಯಾರಿಗೂ ಕಾಣುವುದಿಲ್ಲ. ಹುಡುಗನ ಎಡಕ್ಕೆ ನಿಂತರೆ ಸೆರಗು ಹೊರಬದಿಗೆ ಬರುತ್ತದೆ. ಅವಳು ಅವನ ಕಡೆಗೆ ಅರ್ಧ ತಿರುಗಿದಾಗ ಎಡಭುಜ ಕ್ಯಾಮೆರಾ ಹತ್ತಿರ ಬಂದು ಸೆರಗಿನ ಅಂಚು ಚೆನ್ನಾಗಿ ಕಾಣುತ್ತದೆ. ಹೆಂಡತಿ ಗಂಡನ ಎಡಕ್ಕಿರಬೇಕು ಅನ್ನುವ ಅಜ್ಜಿಯರಿಗೂ ಸಮಾಧಾನ.

ಇಬ್ಬರೂ ಅರ್ಧ ಕ್ಯಾಮೆರಾ ಕಡೆಗೆ, ಅರ್ಧ ಒಬ್ಬರಿಗೊಬ್ಬರ ಕಡೆಗೆ ತಿರುಗಲಿ. ಈಗ ಭಾರ ಯಾವ ಕಾಲಿಗೆ? ಕ್ಯಾಮೆರಾದಿಂದ ದೂರದ ಕಾಲಿಗೆ ಅಂತ ಆಗಲೇ ಹೇಳಿದೆ. ಹುಡುಗನಿಗೆ ಅದು ಎಡಗಾಲು, ಹುಡುಗಿಗೆ ಬಲಗಾಲು. ಅಂದರೆ ಇಬ್ಬರಿಗೂ ಜೊತೆಯವರ ಪಕ್ಕದ ಕಾಲು! ಆ ಕಾಲಿಗೆ ಭಾರ ಬಿದ್ದ ಕೂಡಲೇ ಇಬ್ಬರ ಸೊಂಟವೂ ಒಂದರ ಕಡೆಗೊಂದು ಜರುಗುತ್ತದೆ, ಮಧ್ಯದ ತ್ರಿಕೋನ ಮುಚ್ಚಿಹೋಗುತ್ತದೆ. “ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ” ಅಂತ ಕೂಗಬೇಕಿಲ್ಲ. ಹೊರಗಿನ ಕಾಲು ಅರ್ಧ ಹೆಜ್ಜೆ ಮುಂದೆ, ಮಂಡಿ ಸಡಿಲ. ಹುಡುಗಿ ಹೀಗೆ ನಿಂತಾಗ ಸೀರೆಯ ನೆರಿಗೆ ಒಂದರ ಪಕ್ಕ ಒಂದು ಬಿಚ್ಚಿಕೊಂಡು ಕೆಳಗಿನವರೆಗೂ ಇಳಿಯುತ್ತದೆ. ಜೋಡಿಸಿ ನಿಂತ ಕಾಲಿನ ಮೇಲೆ ನೆರಿಗೆ ಗುಪ್ಪೆಯಾಗುತ್ತದೆ.

ಈಗ ಕೈ. ಹುಡುಗಿಯ ಬಲಗೈ ಹುಡುಗನ ಎಡ ಮೊಣಕೈಯೊಳಗೆ. ಅವಳ ಎಡಗೈ ಅದೇ ಮುಂಗೈ ಮೇಲೆ ಹಗುರವಾಗಿ. ಉಂಗುರ ಎಡಗೈಯಲ್ಲಿದ್ದರೆ ಯಾರೂ ತೋರಿಸದೆಯೇ ಕಂಡಿತು. ಹುಡುಗನ ಬಲಗೈಗೆ ಪಂಚೆಯ ಅಂಚು. ಪಂಚೆ ಉಟ್ಟವರು ಮೆಟ್ಟಿಲು ಇಳಿಯುವಾಗ ಅಂಚನ್ನು ಒಂಚೂರು ಎತ್ತಿ ಹಿಡಿಯುತ್ತಾರಲ್ಲ, ಅಷ್ಟೇ. ಆ ಕೈಗೆ ಕೆಲಸ ಸಿಕ್ಕಿತು, ಮೊಣಕೈ ಮೈಯಿಂದ ತುಸು ದೂರ ಸರಿಯಿತು, ತೋಳಿಗೂ ಸೊಂಟಕ್ಕೂ ಮಧ್ಯೆ ಬೆಳಕು ಕಂಡಿತು. ಈ ಬೆಳಕಿನ ಸಂದು ಮುಖ್ಯ. ತೋಳು ಮೈಗೆ ಒತ್ತಿಕೊಂಡಿದ್ದರೆ ಎರಡೂ ಸೇರಿ ಒಂದೇ ದಪ್ಪ ಆಕಾರವಾಗಿ ಕಾಣುತ್ತದೆ. ತೋಳೂ ಚಪ್ಪಟೆಯಾಗಿ ಅಗಲವಾಗುತ್ತದೆ. “ದಪ್ಪ ಕಾಣ್ತಿದೀನಾ” ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

“ಸರ್, ಅಷ್ಟು ಬಿಗಿಯಾಗಿ ಹಿಡೀಬೇಡಿ. ಮೇಡಂ, ಭುಜ ಕೆಳಗೆ ಬಿಡಿ. ಉಸಿರು ಬಿಡಿ.” ಉಸಿರು ಬಿಟ್ಟಾಗ ಭುಜ ಒಂದು ಬೆರಳಿನಷ್ಟು ಇಳಿಯುತ್ತದೆ. ಕ್ಲಿಕ್ ಮಾಡಬೇಕಾದ್ದು ಆಗ.

ಈ ಒಂದೇ ನಿಲುವಿನಲ್ಲಿ ಹತ್ತಾರು ಫೋಟೋ ಇವೆ. ಇಬ್ಬರೂ ಕ್ಯಾಮೆರಾ ನೋಡಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿ. ಅವಳು ಕ್ಯಾಮೆರಾ ನೋಡಲಿ, ಅವನು ಅವಳನ್ನು ನೋಡಲಿ. ಇಬ್ಬರೂ ಬೀದಿಯ ಕಡೆ ಯಾರೋ ಬಂದರು ಅನ್ನುವಂತೆ ನೋಡಲಿ. ಪ್ರತಿಯೊಂದನ್ನೂ ಪೂರ್ತಿ ಉದ್ದಕ್ಕೆ, ಸೊಂಟದವರೆಗೆ, ಮುಖ ಮಾತ್ರ ಹೀಗೆ ತೆಗೆಯಬಹುದು. ಕತ್ತರಿಸುವಾಗ ಒಂದು ಎಚ್ಚರ ಇರಲಿ: ಫೋಟೋದ ಅಂಚು ಮಂಡಿ, ಮೊಣಕೈ, ಮಣಿಕಟ್ಟು, ಪಾದದ ಗಂಟು ಇವುಗಳ ಮೇಲೆ ಬೀಳಬಾರದು. ಕೀಲಿನಲ್ಲಿ ಕತ್ತರಿಸಿದರೆ ಕೈಕಾಲು ತುಂಡಾದ ಹಾಗೆ ಅನ್ನಿಸುತ್ತದೆ. ತೊಡೆಯ ಮಧ್ಯೆ ಅಥವಾ ಸೊಂಟದ ಮೇಲೆ ಕತ್ತರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಎತ್ತರದ ವ್ಯತ್ಯಾಸ ಜಾಸ್ತಿ ಇದ್ದರೆ ಮೆಟ್ಟಿಲು ಇದ್ದೇ ಇದೆ. ಎತ್ತರದವರು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಲಿ, ಇಲ್ಲವೇ ಕಾಲು ಅಗಲಿಸಿ ನಿಲ್ಲಲಿ. ಕೆಳಗೆ ಫ್ರೇಮಿನಿಂದಾಚೆ ಏನು ನಡೆದಿದೆ ಅಂತ ಯಾರೂ ಕೇಳುವುದಿಲ್ಲ. ಆದರೆ ವ್ಯತ್ಯಾಸವನ್ನು ಪೂರ್ತಿ ಮುಚ್ಚಿಹಾಕಬೇಡಿ. ಇಬ್ಬರ ಕಣ್ಣೂ ಒಂದೇ ಗೆರೆಯಲ್ಲಿದ್ದರೆ ಚಿತ್ರ ಸಪ್ಪೆ. ಒಬ್ಬರ ಕಣ್ಣು ಇನ್ನೊಬ್ಬರ ಬಾಯಿಯ ಮಟ್ಟಕ್ಕಿದ್ದರೆ ಲಕ್ಷಣವಾಗಿರುತ್ತದೆ.

ಕೈಯ ಕಷ್ಟ

ಕೈ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು, ಯಾಕೆಂದರೆ ಹಾಳಾಗುವ ಫೋಟೋಗಳಲ್ಲಿ ಹೆಚ್ಚಿನವು ಇಲ್ಲೇ ಹಾಳಾಗುತ್ತವೆ. ನಿಮ್ಮ ಅಂಗೈಯನ್ನು ಗದ್ದದಿಂದ ಮೇಲಕ್ಕೆ ಮುಖದ ಮೇಲಿಟ್ಟು ನೋಡಿ, ಹಣೆಯವರೆಗೂ ಬರುತ್ತದೆ. ಅಷ್ಟು ದೊಡ್ಡದು ಅದು. ಅದನ್ನು ಪೂರ್ತಿ ಬಿಡಿಸಿ, ಹಿಂಬದಿ ಕ್ಯಾಮೆರಾಗೆ ಕಾಣುವಂತೆ ಹುಡುಗನ ಎದೆಯ ಮೇಲಿಟ್ಟರೆ ಮುಖದ ಜೊತೆ ಪೈಪೋಟಿಗೆ ಬೀಳುತ್ತದೆ. ಕೈಯನ್ನು ಸ್ವಲ್ಪ ತಿರುಗಿಸಿ ಕಿರುಬೆರಳಿನ ಬದಿ ಕ್ಯಾಮೆರಾಗೆ ಬರುವಂತೆ ಮಾಡಿದರೆ ಅದೇ ಕೈ ತೆಳ್ಳಗೆ, ಉದ್ದಕ್ಕೆ ಕಾಣುತ್ತದೆ. ಬೆರಳು ಕಡ್ಡಿಯಾಗಿ ನಿಲ್ಲಬಾರದು, ಒಳಕ್ಕೆ ಕೊಂಚ ಬಾಗಿರಲಿ.

ಹುಡುಗನ ಕೈ ಹುಡುಗಿಯ ಸೊಂಟದ ಹಿಂದಿನಿಂದ ಬರುವಾಗ ನಾಲ್ಕು ಬೆರಳಿನ ತುದಿ ಮಾತ್ರ ಈ ಕಡೆ ಇಣುಕುವುದುಂಟು. ಯಾರದೋ ಕೈ ಅನ್ನಿಸುತ್ತದೆ. ಬಂದರೆ ಪೂರ್ತಿ ಬರಲಿ, ಇಲ್ಲವೇ ಬೆನ್ನ ಹಿಂದೆಯೇ ಇರಲಿ. ಸೀರೆಯ ಮೇಲೆ ಒತ್ತಿ ಹಿಡಿದರೆ ಮಡಿಕೆ ಬೀಳುತ್ತದೆ. ಆರ್ಗಾಂಜಾ ಅನ್ನುವ ತೆಳು, ಗರಿಗರಿ ಬಟ್ಟೆಯ ಸೀರೆ ಆದರೆ ಒತ್ತಿದ ಗುರುತು ಹಾಗೇ ನಿಂತುಬಿಡುತ್ತದೆ. ಜೇಬಿಗೆ ಕೈ ಹಾಕುವುದಾದರೆ ಮಣಿಕಟ್ಟಿನವರೆಗೂ ತುರುಕಬೇಡಿ, ಹೆಬ್ಬೆರಳು ಹೊರಗಿರಲಿ. ಮತ್ತೆ, ಜೇಬಿನ ಮೊಬೈಲು, ಪರ್ಸು, ಕಾರಿನ ಕೀ ಎಲ್ಲವನ್ನೂ ಮೊದಲೇ ತೆಗೆದು ತಮ್ಮನ ಕೈಗೋ ಭಾವಮೈದುನನ ಕೈಗೋ ಕೊಡಿ.

ಕೈಗೆ ಕೆಲಸ ಹುಡುಕಲು ಬೆಂಗಳೂರಿನಲ್ಲಿ ನನ್ನ ಪ್ರಕಾರ ಅತಿ ಒಳ್ಳೆಯ ಜಾಗ ದರ್ಶಿನಿ. ನಗಬೇಡಿ. ನಿಂತು ತಿನ್ನುವ ಆ ಎತ್ತರದ ಟೇಬಲ್ಲಿಗೆ ಮೊಣಕೈ ಊರಿದ ತಕ್ಷಣ ಭಾರ ಒಂದು ಕಾಲಿಗೆ ಹೋಗುತ್ತದೆ, ಮೈ ಜೊತೆಯವರ ಕಡೆ ವಾಲುತ್ತದೆ, ಎರಡೂ ಕೈಗೆ ಕಾಫಿ ಲೋಟ ಸಿಗುತ್ತದೆ. ಯಾರೂ ಪೋಸ್ ಹೇಳಿಕೊಡಬೇಕಿಲ್ಲ. ಬೆಳಕೂ ಚೆನ್ನ. ಮೇಲೆ ಸೂರು, ಎದುರಿಗೆ ತೆರೆದ ಬೀದಿ. ಹಾಗಾಗಿ ಬೀದಿ ಕಡೆಯಿಂದ ಮೆತ್ತಗಿನ ಬೆಳಕು ಒಂದೇ ದಿಕ್ಕಿನಲ್ಲಿ ಬಂದು ಮುಖಕ್ಕೆ ಬೀಳುತ್ತದೆ. ತಿಂಡಿಯ ಗದ್ದಲ ಮುಗಿದ ಮೇಲೆ ಮಾಲೀಕರನ್ನು ಕೇಳಿಕೊಂಡು ಹೋಗಿ. ಎರಡು ಇಡ್ಲಿ ವಡೆ ತಿಂದೇ ತೆಗೆಯಿರಿ, ನ್ಯಾಯವಾಗಿರುತ್ತದೆ.

ಮುಖ, ನಗು, ಫೋಕಸ್

ಗದ್ದದ ಕೆಳಗೆ ಮಡಿಕೆ ಕಾಣುತ್ತದೆ ಅಂತ ಎಲ್ಲರೂ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅದರಿಂದ ಮಡಿಕೆ ಇನ್ನೂ ಜಾಸ್ತಿ. ಹಣೆ ಮತ್ತು ಗದ್ದವನ್ನು ಕ್ಯಾಮೆರಾ ಕಡೆಗೆ ತುಸು ಮುಂದೆ ತಂದು, ಆಮೇಲೆ ಗದ್ದ ಸ್ವಲ್ಪ ಇಳಿಸಿದರೆ ಚರ್ಮ ಬಿಗಿಯಾಗಿ ದವಡೆಯ ಗೆರೆ ಎದ್ದು ಕಾಣುತ್ತದೆ. ಮಾಡುವಾಗ ಆಮೆ ಕತ್ತು ಚಾಚಿದಂತೆ ವಿಚಿತ್ರ ಅನ್ನಿಸುತ್ತದೆ, ಫೋಟೋದಲ್ಲಿ ಅನ್ನಿಸುವುದಿಲ್ಲ. ಇನ್ನು ಒಬ್ಬರನ್ನೊಬ್ಬರು ನೋಡುವಾಗ ಮೂಗಿನ ತುದಿ ಆಚೆ ಕೆನ್ನೆಯ ಗೆರೆಯನ್ನು ದಾಟಿ ಹೊರಗೆ ಚಾಚಿದರೆ ಮೂಗು ಉದ್ದ ಕಾಣುತ್ತದೆ. ತಲೆ ಒಂಚೂರು ಈ ಕಡೆ ತಿರುಗಲಿ, ಇಲ್ಲವೇ ಪೂರ್ತಿ ಪಕ್ಕಕ್ಕೆ ತಿರುಗಿಬಿಡಲಿ.

ನಗು ಹೇಳಿ ತರಿಸುವಂಥದ್ದಲ್ಲ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಇದನ್ನು ತೋರಿಸಿದ್ದರು. ಮುಖದ ಸ್ನಾಯುಗಳಿಗೆ ವಿದ್ಯುತ್ ತಾಗಿಸಿ, ಯಾವ ಸ್ನಾಯು ಯಾವ ಭಾವಕ್ಕೆ ಅಂತ ಫೋಟೋ ತೆಗೆಸಿದವರು ಅವರು. ತುಟಿಯ ಮೂಲೆ ಎಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತ ಇರುವ ಸ್ನಾಯು, ಅವರ ಪ್ರಕಾರ, ನಿಜವಾದ ಖುಷಿಗೆ ಮಾತ್ರ ಸರಿಯಾಗಿ ಕುಗ್ಗುತ್ತದೆ. “ಸ್ಮೈಲ್ ಪ್ಲೀಸ್” ಅಂದಾಗ ಬರುವುದು ತುಟಿಯ ನಗು, ಕಣ್ಣು ಹಾಗೇ ಗಾಬರಿಯಲ್ಲಿರುತ್ತದೆ.

ಅದಕ್ಕೆ ಮಾತಾಡಿಸಬೇಕು. “ಸರ್, ಹೆಣ್ಣು ನೋಡೋಕೆ ಹೋದಾಗ ಉಪ್ಪಿಟ್ಟು ಕೊಟ್ರಾ, ಕೇಸರಿಬಾತ್ ಕೊಟ್ರಾ?” ಅಂತ ಕೇಳಿ ನೋಡಿ. ಅವನು ಬಾಯಿ ತೆಗೆಯುವ ಮೊದಲೇ ಅವಳು, “ಎರಡನ್ನೂ ಕೊಟ್ವಿ, ಮಾತಾಡದೆ ಕೇಸರಿಬಾತ್ ಖಾಲಿ ಮಾಡಿದ್ರು” ಅನ್ನುತ್ತಾಳೆ. ಜೋರಾಗಿ ನಕ್ಕ ಕ್ಷಣದಲ್ಲಿ ಬಾಯಿ ಅಗಲ, ಕಣ್ಣು ಮುಚ್ಚಿರುತ್ತದೆ. ಆ ನಗು ಇಳಿಯುತ್ತಾ ಬರುವಾಗ, ಒಂದೆರಡು ಸೆಕೆಂಡಿನಲ್ಲಿ, ಕಣ್ಣಲ್ಲಿ ಇನ್ನೂ ನಗು ಇರುತ್ತದೆ, ತುಟಿ ಸೇರಿರುತ್ತದೆ. ಕಾಯಬೇಕಾದ್ದು ಅದಕ್ಕೆ. ಕಣ್ಣು ಪಿಳುಕಿಸುವ ಅಭ್ಯಾಸ ಇದ್ದವರಿಗೆ ಕಣ್ಣು ಮುಚ್ಚಿಕೊಂಡು ಮೂರು ಎಣಿಸಿದ ಮೇಲೆ ತೆಗೆಯಲು ಹೇಳಿದರೆ ಸಾಕು.

ಕನ್ನಡಕ ಇದ್ದವರು ಅದನ್ನು ತೆಗೆದೇ ನಿಲ್ಲಬೇಕು ಅನ್ನುವುದು ಸುಳ್ಳು. ದಿನಾ ಹಾಕುವವರು ತೆಗೆದರೆ ಬೇರೆಯವರಾಗಿಯೇ ಕಾಣುತ್ತಾರೆ. ಕಡ್ಡಿಯನ್ನು ಕಿವಿಯ ಹತ್ತಿರ ಒಂಚೂರು ಮೇಲೆತ್ತಿದರೆ ಗಾಜು ಕೆಳಕ್ಕೆ ವಾಲುತ್ತದೆ, ಆಕಾಶದ ಹೊಳಪು ಕ್ಯಾಮೆರಾಗೆ ಬರದೆ ನೆಲದ ಕಡೆ ಹೋಗುತ್ತದೆ.

ಫೋಕಸ್ಸಿನ ಲೆಕ್ಕವೂ ಪೋಸಿನ ಲೆಕ್ಕವೇ. ಹಿನ್ನೆಲೆ ಕರಗಿಹೋಗಲಿ ಅಂತ 85 ಎಂಎಂ ಲೆನ್ಸನ್ನು ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿಯನ್ನು ತುಂಬಾ ಅಗಲ ತೆರೆದು, ಬಳಸುವುದು ಈಗಿನ ಫ್ಯಾಷನ್. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ, ಎರಡು ಮೀಟರ್ ದೂರದಿಂದ, ಆಗ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಹುಡುಗ ಹುಡುಗಿಯ ಹಿಂದೆ ನಿಂತು ಭುಜದ ಮೇಲಿನಿಂದ ನೋಡಿದರೆ ಅವನ ಕಣ್ಣು ಅದಕ್ಕಿಂತ ದೂರ ಇರುತ್ತದೆ. ಅವಳು ಸ್ಪಷ್ಟ, ಅವನು ಮಸುಕು. ಕಿಂಡಿ ಕಿರಿದು ಮಾಡಿ ಎಫ್ 4ಕ್ಕೆ ಬಂದರೆ ಆಳ 13 ಸೆಂಟಿಮೀಟರ್ ಹತ್ತಿರವಾಗುತ್ತದೆ. ಇಲ್ಲವೇ ಇಬ್ಬರ ಕಣ್ಣೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವ ಹಾಗೆ ತಲೆ ಜೋಡಿಸಿ.

ಮೊಬೈಲಿನಲ್ಲಿ ತೆಗೆಯುವವರಿಗೆ ಬೇರೆ ತೊಂದರೆ. ಅದರ ಮಾಮೂಲಿ ಲೆನ್ಸ್ ಅಗಲದ್ದು, ಹಾಗಾಗಿ ಮುಖ ತುಂಬಬೇಕೆಂದರೆ ತೀರಾ ಹತ್ತಿರ ಹೋಗುತ್ತೀರಿ. ಮೂಗಿನ ತುದಿಗೂ ಕಿವಿಗೂ 12 ಸೆಂಟಿಮೀಟರ್ ಅಂತರ ಅಂದುಕೊಳ್ಳಿ. ಅರ್ಧ ಮೀಟರ್ ದೂರದಿಂದ ತೆಗೆದರೆ ಕಿವಿಗೆ ಹೋಲಿಸಿದಾಗ ಮೂಗು ಸುಮಾರು ಕಾಲುಪಾಲು ದೊಡ್ಡದಾಗಿ ಬೀಳುತ್ತದೆ. ಎರಡು ಮೀಟರ್ ದೂರಕ್ಕೆ ಹೋದರೆ ಆ ವ್ಯತ್ಯಾಸ ನೂರಕ್ಕೆ ಆರು. ಹಿಂದೆ ಸರಿದು 2 ಎಕ್ಸ್ ಜೂಮ್ ಒತ್ತಿ. ಪೂರ್ತಿ ಉದ್ದದ ಫೋಟೋಗೆ ಮೊಬೈಲನ್ನು ನಿಮ್ಮ ಸೊಂಟದ ಎತ್ತರಕ್ಕೆ ಹಿಡಿಯಿರಿ. ಕಣ್ಣಿನ ಎತ್ತರದಿಂದ ತೆಗೆದರೆ ಕಾಲು ಗಿಡ್ಡವಾಗುತ್ತದೆ.

ಎಷ್ಟು ಹತ್ತಿರ?

ಐದು ವರ್ಷ ಪ್ರೀತಿಸಿದ ಜೋಡಿಗೂ, ಮೂರು ವಾರದ ಹಿಂದೆ ಜಾತಕ ಕೂಡಿದ ಜೋಡಿಗೂ ಒಂದೇ ಪೋಸ್ ಪಟ್ಟಿ ಹಿಡಿದುಕೊಂಡು ಹೋಗುವ ಫೋಟೋಗ್ರಾಫರ್‌ಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಎರಡನೇ ಜೋಡಿಗೆ ಹಣೆಗೆ ಹಣೆ ತಾಗಿಸಿ ಅಂದರೆ ಕತ್ತು ಬಿಗಿಯುತ್ತದೆ, ಕಣ್ಣು ಎಲ್ಲೋ ಹೋಗುತ್ತದೆ. ಮುಜುಗರ ಮುಖದಲ್ಲಿ ಅಡಗುವುದಿಲ್ಲ. ಅದರಲ್ಲೂ ಪಕ್ಕದಲ್ಲಿ ಹುಡುಗಿಯ ಚಿಕ್ಕಮ್ಮ ನೀರಿನ ಬಾಟಲ್ ಹಿಡಿದು ನಿಂತಿರುತ್ತಾರೆ.

ಇಂಥವರಿಗೆ ನಡಿಗೆಯೇ ಮದ್ದು. ಇಪ್ಪತ್ತು ಹೆಜ್ಜೆ ಆಚೆಯಿಂದ ಕ್ಯಾಮೆರಾ ಕಡೆಗೆ ನಿಧಾನವಾಗಿ ನಡೆದು ಬರಲಿ. ಮಾತಾಡುತ್ತಾ ಬರಲಿ, ಕ್ಯಾಮೆರಾ ನೋಡುವುದು ಬೇಡ. ನಡೆಯುವಾಗ ಭಾರ ಹೇಗೂ ಕಾಲಿನಿಂದ ಕಾಲಿಗೆ ಬದಲಾಗುತ್ತಿರುತ್ತದೆ, ಕೈ ಬೀಸುತ್ತಿರುತ್ತದೆ, ಬಿಗಿತಕ್ಕೆ ಸಮಯವೇ ಇರುವುದಿಲ್ಲ. ಎರಡನೇ ಸುತ್ತಿಗೆ ಕಿರುಬೆರಳು ಮಾತ್ರ ಕೊಂಡಿ ಹಾಕಿಕೊಳ್ಳಲಿ. ಅಷ್ಟು ಹೊತ್ತಿಗೆ ಚಿಕ್ಕಮ್ಮನೇ, “ಪೂರ್ತಿ ಕೈ ಹಿಡ್ಕೋ ಪುಟ್ಟಿ, ನಾವೇನೂ ಅಂದ್ಕೊಳಲ್ಲ” ಅನ್ನುತ್ತಾರೆ. ಅಪ್ಪುಗೆಯ ತನಕ ಹೋಗಲೇಬೇಕು ಅಂತೇನಿಲ್ಲ. ಒಬ್ಬರು ಮೆಟ್ಟಿಲಲ್ಲಿ ಕೂತು ಇನ್ನೊಬ್ಬರು ಕಂಬಕ್ಕೆ ಒರಗಿ ನಿಂತು, ಒಂದು ಮಾರು ದೂರದಿಂದ ನೋಡಿಕೊಂಡ ಫೋಟೋ ಅಪ್ಪುಗೆಗಿಂತ ಹೆಚ್ಚು ಹೇಳುವುದುಂಟು.

ಫೋಟೋಗ್ರಾಫರ್‌ಗೆ ಒಂದು ಮಾತು. ಪೋಸ್ ಸರಿಪಡಿಸಲು ಯಾರ ಮೈಯನ್ನೂ ಮುಟ್ಟಬೇಡಿ. ಅಸಿಸ್ಟೆಂಟ್ ಜೊತೆ ನೀವೇ ನಿಂತು ತೋರಿಸಿ. ಇಬ್ಬರು ಗಡ್ಡಧಾರಿಗಳು ಕೈ ಕೈ ಹಿಡಿದು ನಿಂತರೆ ನಗುವೂ ಬಂದೇ ಬರುತ್ತದೆ. ಸೆರಗು ಸರಿಮಾಡಬೇಕಾದರೆ ಅಕ್ಕ, ತಂಗಿ, ಗೆಳತಿ ಯಾರಾದರೂ ಇರುತ್ತಾರೆ. “ಎಡ, ಬಲ” ಅಂತ ಕೂಗುವ ಬದಲು “ಬಾಗಿಲ ಕಡೆ, ಮರದ ಕಡೆ” ಅನ್ನಿ. ನಿಮ್ಮ ಎಡ ಅವರ ಬಲ, ಗೊಂದಲ ಯಾಕೆ?

ಜಾಗ, ಹೊತ್ತು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಜನ ಜಾಗದ ಬಗ್ಗೆ ಬೇಕಾದ್ದಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ.

ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಹತ್ತಿರ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತಾನೆ. ಮುಳುಗುವ ಮುಂಚೆ ಹೊಂಬಿಸಿಲು ಬೀಳುವ ಕೊನೆಯ ಆರು ಡಿಗ್ರಿ ದಾಟಲು ಸುಮಾರು 25 ನಿಮಿಷ ಸಾಕು. ಲಂಡನ್ನಿನಲ್ಲಿ ಅದಕ್ಕೆ 40 ನಿಮಿಷದ ಹತ್ತಿರ ಬೇಕು. ಹೊರದೇಶದವರ ವಿಡಿಯೋ ನೋಡಿ “ಸಂಜೆ ಹೊಂಬಿಸಿಲಿನ ಒಂದು ಗಂಟೆ” ಅಂದುಕೊಂಡು ಬಂದರೆ ಸೀರೆ ಸರಿಮಾಡುವಷ್ಟರಲ್ಲಿ ಕತ್ತಲಾಗಿರುತ್ತದೆ. ಸೂರ್ಯ ಮುಳುಗುವುದು ನವೆಂಬರಿನಲ್ಲಿ 5.50ರ ಸುಮಾರಿಗೆ, ಜುಲೈ ಮೊದಲ ವಾರ 6.50ರ ಸುಮಾರಿಗೆ. ಅದಕ್ಕಿಂತ ಒಂದೂವರೆ ಗಂಟೆ ಮೊದಲೇ ಸಿದ್ಧವಾಗಿರಿ.

ಮಧ್ಯಾಹ್ನದ ಬಿಸಿಲು ಬೇಡ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಇಲ್ಲಿ ಶೂನ್ಯ ನೆರಳಿನ ದಿನ, ಮಧ್ಯಾಹ್ನ 12.20ರ ಆಸುಪಾಸು ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ, ಆದರೆ ಹುಬ್ಬಿನ ನೆರಳು ಪೂರ್ತಿ ಕಣ್ಣಿನ ಮೇಲೆ. ಮುಂಗಾರಿನ ಮೋಡದ ದಿನಗಳನ್ನು ನೋಡಿ ಬೇಜಾರಾಗಬೇಡಿ. ಇಡೀ ಆಕಾಶ ಮೆತ್ತಗಿನ ಬೆಳಕು ಚೆಲ್ಲುತ್ತಿರುತ್ತದೆ, ಯಾವ ಕಡೆ ತಿರುಗಿ ನಿಂತರೂ ನಡೆಯುತ್ತದೆ.

ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ ಮರದಡಿ ನಿಂತರೆ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಮುಖದ ಮೇಲೆ ಬೀಳುತ್ತದೆ. ಹುಲ್ಲಿನ ಹಸಿರೂ ಗದ್ದದ ಕೆಳಗೆ ಮೆತ್ತಿಕೊಳ್ಳುತ್ತದೆ. ನೆರಳು ಮುಗಿಯುವ ಅಂಚಿಗೆ ಬಂದು, ಮುಖವನ್ನು ತೆರೆದ ಆಕಾಶದ ಕಡೆ ತಿರುಗಿಸಿ. ಎರಡೂ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ದೊಡ್ಡ ಕ್ಯಾಮೆರಾ, ರಿಫ್ಲೆಕ್ಟರ್ ಹಿಡಿದು ಹೋಗುವ ಮುಂಚೆ ಅನುಮತಿ ವಿಚಾರಿಸಿಕೊಳ್ಳಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ 1889ರ ಗಾಜಿನ ಮನೆಯ ಕಡೆ ಹೋಗುವ ಆಸೆಯನ್ನೇ ಬಿಡಿ. ನಂದಿ ಬೆಟ್ಟ 60 ಕಿಲೋಮೀಟರ್. ಭಾನುವಾರ ಬೆಳಗ್ಗೆ ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ. ಜನವರಿ, ಫೆಬ್ರವರಿಯಲ್ಲಿ ಗುಲಾಬಿ ಟಬೆಬುಯಾ ಅರಳಿದಾಗ ನಿಮ್ಮ ಏರಿಯಾದ ರಸ್ತೆಯೇ ಸಾಕಾಗಬಹುದು. ಗುಲಾಬಿ ಹೂವಿನ ಕೆಳಗೆ ಗುಲಾಬಿ ಸೀರೆ ಮಾತ್ರ ಬೇಡ, ಹುಡುಗಿ ಮರದಲ್ಲೇ ಸೇರಿಹೋಗುತ್ತಾಳೆ.

ಛತ್ರದ ಸ್ಟೇಜಿನ ಮೇಲೆ

ನಿಶ್ಚಿತಾರ್ಥದ ದಿನ ಇದ್ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ. ಹಿಂದೆ ಎಲ್‌ಇಡಿ ಪರದೆ, ಮುಂದೆ ತಟ್ಟೆಗಳ ಸಾಲು, ಕೆಳಗೆ ಮೊಬೈಲ್ ಎತ್ತಿ ಹಿಡಿದ ನೂರು ಕೈ. ಆದರೂ ಕೆಲವು ಸಣ್ಣ ಕೆಲಸ ಮಾಡಬಹುದು.

ಸ್ಟೇಜಿನ ಸೋಫಾ ಹತ್ತಿಯ ಗುಡ್ಡೆಯಷ್ಟು ಮೆತ್ತಗಿರುತ್ತದೆ. ಒರಗಿ ಕೂತರೆ ಸೊಂಟ ಮುಳುಗಿ, ಮಂಡಿ ಮೇಲೆದ್ದು, ಹೊಟ್ಟೆಯ ಮೇಲೆ ಸೀರೆ ಮುದುಡುತ್ತದೆ. ಅಂಚಿನಲ್ಲಿ ಕೂತು, ಬೆನ್ನು ಉದ್ದ ಮಾಡಿ, ಎರಡೂ ಮಂಡಿಯನ್ನು ಜೊತೆಯವರ ಕಡೆ ಓರೆ ಮಾಡಿ. ಪಂಚೆ ಉಟ್ಟ ಹುಡುಗ ಮಂಡಿ ಅಗಲಿಸಿ ಕೂರಬಾರದು ಅನ್ನುವುದನ್ನು ಅವನ ಅಮ್ಮ ಹೇಳಿಯೇ ಇರುತ್ತಾರೆ. ಗಂಟೆಗಟ್ಟಲೆ ನಿಂತು ನೆಂಟರ ಜೊತೆ ಫೋಟೋ ತೆಗೆಸಿಕೊಳ್ಳುವಾಗ ಪ್ರತಿ ಗುಂಪಿಗೂ ಭಾರದ ಕಾಲು ಬದಲಿಸಿ. ಇದು ಚಂದಕ್ಕಲ್ಲ, ಕಾಲು ನೋವಿಗೆ.

ಎಲ್ಲ ಕಲಾತ್ಮಕ ಫೋಟೋಗಳ ಮಧ್ಯೆ ಇಬ್ಬರೂ ನೆಟ್ಟಗೆ ನಿಂತು, ಕ್ಯಾಮೆರಾ ನೋಡಿ, ಹಲ್ಲು ಕಾಣದಷ್ಟು ನಕ್ಕ ಒಂದು ಫೋಟೋ ಕಡ್ಡಾಯವಾಗಿ ಇರಲಿ. ಮನೆಯ ಹಾಲ್‌ನ ಗೋಡೆಗೆ ಹೋಗುವುದು ಅದೇ. ಅಜ್ಜಿ ಕೇಳುವುದೂ ಅದನ್ನೇ.

ಉಂಗುರ ತೊಡಿಸುವ ಕ್ಷಣದಲ್ಲಿ ಇಬ್ಬರೂ ತಲೆ ಬಗ್ಗಿಸಿ ಬೆರಳನ್ನೇ ನೋಡುತ್ತಾರೆ. ಫೋಟೋದಲ್ಲಿ ಎರಡು ನೆತ್ತಿ, ಒಂದು ಮಲ್ಲಿಗೆ ದಂಡೆ. ಕೈಯನ್ನು ಹೊಟ್ಟೆಯ ಮಟ್ಟದಲ್ಲಿ ಬಿಡದೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದರೆ ತಲೆ ಅಷ್ಟು ಬಾಗುವುದಿಲ್ಲ. ತೊಡಿಸುವವರು ಕ್ಯಾಮೆರಾ ಇರುವ ಕಡೆಯ ಕೈಯಿಂದ ತೊಡಿಸಿದರೆ ಆ ಕೈಯೇ ಎಲ್ಲವನ್ನೂ ಮರೆಮಾಡುತ್ತದೆ. ಆಚೆ ಕೈ ಬಳಸಿ, ಈಚೆ ಕೈ ಕೆಳಗಿನಿಂದ ಆಧಾರ ಕೊಡಲಿ. ಉಂಗುರ ಗೆಣ್ಣಿನ ಹತ್ತಿರ ಬಂದಾಗ ಒಂದೆರಡು ಸೆಕೆಂಡ್ ನಿಂತು, ಒಬ್ಬರನ್ನೊಬ್ಬರು ನೋಡಿ, ಆಮೇಲೆ ಪೂರ್ತಿ ತೊಡಿಸಿ. ಪುರೋಹಿತರಿಗೆ ಮೊದಲೇ ಹೇಳಿಟ್ಟರೆ ಅವರೂ ಆ ಎರಡು ಸೆಕೆಂಡ್ ಕೊಡುತ್ತಾರೆ.

ಬರೀ ಉಂಗುರದ ಫೋಟೋವನ್ನು ಸ್ಟೇಜಿನ ಬಣ್ಣದ ದೀಪದಲ್ಲಿ ತೆಗೆಯಲು ಹೋಗಬೇಡಿ, ಚಿನ್ನ ನೇರಳೆಯಾಗುತ್ತದೆ. ಊಟಕ್ಕೆ ಮುಂಚೆ ಐದು ನಿಮಿಷ ಕಿಟಕಿಯ ಹತ್ತಿರ ಕರೆದೊಯ್ಯಿರಿ. ಅವನ ಅಂಗೈ ಮೇಲೆ ಅವಳ ಕೈ, ಬೆರಳು ಸಡಿಲ, ಕಿಟಕಿಯ ಬೆಳಕು ಪಕ್ಕದಿಂದ. ಉಂಗುರದ ಹರಳು ಬೆರಳಿನ ನಟ್ಟನಡುವೆ ಇದೆಯಾ ನೋಡಿ. ಸಡಿಲ ಇದ್ದರೆ ಕೆಳಗಡೆ ಒಂದಿಷ್ಟು ದಾರ ಸುತ್ತಿದರೆ ಜಾರುವುದಿಲ್ಲ. ಇದೆಲ್ಲ ಊಟಕ್ಕೆ ಮುಂಚೆಯೇ ಆಗಲಿ. ಹೋಳಿಗೆ ತುಪ್ಪ ಆದಮೇಲೆ ಕೈಯ ಅರಿಶಿನ ಉಗುರಿನ ಸಂದಿಯಿಂದ ಸಂಜೆಯವರೆಗೂ ಹೋಗುವುದಿಲ್ಲ.